ಸಾಲಿನಲ್ಲಿ ನಿಂತ ಜಟಕಾ ಕುದುರೆ

ಹುರುಳಿ ಬೇಯುವ ವಾಸನೆ ಮೂಗಿಗೆ ಬಿದ್ದರೆ ಬೇರೆಯವರಿಗೆ ಸಾರಿನ ನೆನಪಾಗಬಹುದು, ನನಗೆ ಕುದುರೆಯ ನೆನಪಾಗುತ್ತದೆ. ಯಲಹಂಕದ ನಮ್ಮ ಹಳೆಯ ಮನೆಯಲ್ಲಿ ಬೆಳಗಾಗುತ್ತಿದ್ದದ್ದೇ ಆ ವಾಸನೆಯಿಂದ. ಹಿತ್ತಲಿನ ಕಲ್ಲೊಲೆಯ ಮೇಲೆ ಮಸಿ ಹಿಡಿದ ಹಂಡೆ, ಕೆಳಗೆ ಹೊಗೆಯಾಡುವ ಹೊಂಗೆ ಕಡ್ಡಿ, ಪಕ್ಕದಲ್ಲೇ ಲಾಯ. ಹೊಗೆ, ಹುರುಳಿ, ಒದ್ದೆ ಹುಲ್ಲು, ಕುದುರೆಯ ಬೆವರು ಎಲ್ಲ ಕಲೆತು ಒಂದೇ ವಾಸನೆಯಾಗಿ ನಮ್ಮ ಕಂಬಳಿಯೊಳಕ್ಕೂ ನುಗ್ಗುತ್ತಿತ್ತು. ಬೆಂದ ಹುರುಳಿಯನ್ನು ಅಜ್ಜಿ ಬಸಿಯುತ್ತಿದ್ದಳು. ಬಸಿದ ಕಟ್ಟು ಬೆಳ್ಳುಳ್ಳಿ ಒಗ್ಗರಣೆ ಹಾಕಿಸಿಕೊಂಡು ನಮ್ಮ ಮುದ್ದೆಗೆ ಸಾರಾಗುತ್ತಿತ್ತು. ಕಾಳು ಬಿದಿರು ಬುಟ್ಟಿಯಲ್ಲಿ ಆರಿ, ಚೂರು ಬೆಲ್ಲ ಸೇರಿಸಿಕೊಂಡು ಲಾಯಕ್ಕೆ ಹೋಗುತ್ತಿತ್ತು. ಆಸೆಗೆ ನಾನು ಬುಟ್ಟಿಗೆ ಕೈ ಹಾಕಿದರೆ ಅಜ್ಜಿ ಸೌಟಿನಲ್ಲೇ ಮೊಟಕುತ್ತಿದ್ದಳು. "ಕಾಳು ಅವಳ್ದು ಕಣೆ. ನೀರು ನಮ್ದು" ಎನ್ನುತ್ತಿದ್ದಳು. ಈ ಲೆಕ್ಕಾಚಾರ ನನಗೆ ಅನ್ಯಾಯ ಅನ್ನಿಸಿದ್ದೇ ಇಲ್ಲ. ನಮ್ಮೆಲ್ಲರಿಗೂ ಅನ್ನ ಹಾಕುತ್ತಿದ್ದವಳು ಅವಳೇ ತಾನೆ.

ಅವಳು ಅಂದರೆ ಜೀರಿಗೆ, ನಮ್ಮ ಜಟಕಾ ಕುದುರೆ. ಬಿಳಿಯ ಮೈಮೇಲೆ ಒಂದು ಹಿಡಿ ಜೀರಿಗೆ ಚೆಲ್ಲಿದ ಹಾಗೆ ಕಂದು ಚುಕ್ಕೆಗಳಿದ್ದವು, ಅದಕ್ಕೆ ಆ ಹೆಸರು. ಭೀಮಾ ನದಿಯ ಕಡೆಯ ತಟ್ಟು ಎಂಬ ಸಣ್ಣ ಜಾತಿ. ಕುಳ್ಳು, ಡೊಳ್ಳು ಹೊಟ್ಟೆ, ಸದಾ ಯಾರ ಮೇಲೋ ಮುನಿಸಿಕೊಂಡವಳ ಮುಖ. ಅಪ್ಪ ಅವಳನ್ನು ಗಾಡಿಗೆ ಕಟ್ಟಿ ರೈಲ್ವೆ ಸ್ಟೇಷನ್ನಿಗೂ ಊರಿಗೂ ಜನ ಸಾಗಿಸುತ್ತಿದ್ದ. ಆದರೆ ಅವಳನ್ನು ಪಳಗಿಸಿದವಳು, ಮೈ ಉಜ್ಜುವವಳು, ಲಾಳ ಹೊಡೆಸಿಕೊಂಡು ಬರುವವಳು ಅಪ್ಪನ ಅಕ್ಕ ಪುಟ್ಟತ್ತೆ. ಮದುವೆಯಾದ ಸ್ವಲ್ಪ ದಿನಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಮೂಲೆಯಲ್ಲಿ ಕೂತು ಅಳಲಿ ಎಂದು ಊರು ಕಾಯುತ್ತಿತ್ತು. ಪುಟ್ಟತ್ತೆ ಸೀರೆಗೆ ಕಚ್ಚೆ ಹಾಕಿಕೊಂಡು ಕುದುರೆ ಹತ್ತಿದಳು. ಬೆಳಿಗ್ಗೆ ಗಾಡಿ ಕಟ್ಟುವ ಮೊದಲು ಜೀರಿಗೆಯ ಬರಿ ಬೆನ್ನ ಮೇಲೆ ಗೋಣಿ ಹಾಸಿ, ಬಾಯಲ್ಲಿ ಎಲೆ ಅಡಿಕೆ ತುರುಕಿಕೊಂಡು, ಅಲ್ಲಾಳಸಂದ್ರದ ಕೆರೆ ಅಂಗಳಕ್ಕೆ ಹುಲ್ಲು ಕುಯ್ಯಲು ಹೊರಟಳೆಂದರೆ ನೋಡಬೇಕಿತ್ತು. ಅಜ್ಜಿ ದಿನಾ ಬೈಯುತ್ತಿದ್ದಳು. "ಹೆಣ್ಣೆಂಗ್ಸು ಇಂಗೆ ಕಾಲು ಆಚೆಗೊಂದು ಈಚೆಗೊಂದು ಹಾಕ್ಕೊಂಡು ಓದ್ರೆ ಜನ ಏನಂದಾರು?" ಪುಟ್ಟತ್ತೆ ತಿರುಗಿಯೂ ನೋಡದೆ, "ದಾರಿ ಬಿಡ್ತಾರೆ ಕಣವ್ವ" ಅನ್ನುತ್ತಿದ್ದಳು.

ಚಳಿಗಾಲದಲ್ಲಿ ರಾಗಿ ಕೊಯ್ಲು ಮುಗಿದು ಹೊಲಗಳೆಲ್ಲ ಕೂಳೆಯಾಗಿ ನಿಂತಾಗ, ಭಾನುವಾರ ಬೆಳಿಗ್ಗೆ ಬೆಂಗಳೂರಿನ ದಂಡು, ಅಂದರೆ ಕಂಟೋನ್ಮೆಂಟ್ ಕಡೆಯಿಂದ ನರಿ ಬೇಟೆಯವರು ಬರುತ್ತಿದ್ದರು. ಬಿಳಿಯರು ಹೋಗಿದ್ದರು, ಅವರ ಆಟ ಹೋಗಿರಲಿಲ್ಲ. ಲಾರಿಯಲ್ಲಿ ನಾಯಿಗಳು, ಹಿಂದೆ ಎತ್ತರದ ಕುದುರೆಗಳು, ಅವುಗಳ ಮೇಲೆ ಮಿಲಿಟರಿ ಆಫೀಸರುಗಳು, ರೇಸ್ ಕುದುರೆ ಸಾಕುವ ಶ್ರೀಮಂತರು, ಷರಾಯಿ ತೊಟ್ಟ ಇಬ್ಬರು ಮೂವರು ಹೆಂಗಸರು. ಕೋವಿ ಗೀವಿ ಏನೂ ಇಲ್ಲ. ನಾಯಿಗಳು ಮೂಸಿ ನರಿಯನ್ನು ಅಟ್ಟುವುದು, ಕುದುರೆಗಳು ನಾಯಿಗಳ ಬೆನ್ನು ಹತ್ತುವುದು, ಅಷ್ಟೇ ಬೇಟೆ. ಶುರುವಾಗುವ ಮೊದಲು ಎಲ್ಲ ಕೆರೆ ಏರಿಯ ಕೆಳಗೆ ಒಂದು ಸಾಲಾಗಿ ನಿಲ್ಲಬೇಕು. ಆ ಸಾಲಿನಲ್ಲಿ ನಿಂತವರು ಬೇಟೆಯವರು, ಉಳಿದವರು ಆಳುಗಳು. ಇವರೆಲ್ಲರ ಯಜಮಾನ ಒಬ್ಬ ರಿಟೈರಾದ ಮೇಜರು. ಬಿಳಿ ಹುಬ್ಬು, ದೊಡ್ಡ ದನಿ, ಸಿಪಾಯಿಗಳ ಸಹವಾಸದಲ್ಲಿ ಕಲಿತ ಕನ್ನಡ. ದ್ರಾಕ್ಷಿ ತೋಟಕ್ಕೆ ನುಗ್ಗುವ ನರಿಗಳು ಯಾವ ಪೊದೆಯಲ್ಲಿ ಮಲಗುತ್ತವೆ, ಯಾವ ಕಾಲುವೆಯಲ್ಲಿ ನೀರು ಕುಡಿಯುತ್ತವೆ ಎಂಬುದು ಆ ಸೀಮೆಯಲ್ಲಿ ಪುಟ್ಟತ್ತೆಯಷ್ಟು ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ಮೇಜರು ಅವಳನ್ನೇ ದಾರಿ ತೋರಿಸಲು ಕರೆಯುತ್ತಿದ್ದರು. ಅವಳು ಜೀರಿಗೆಯ ಮೇಲೆ ಮುಂದೆ ಹೋಗಿ ಪೊದೆ ತೋರಿಸುವುದು, ನರಿ ಎದ್ದ ಕೂಡಲೇ ಪಕ್ಕಕ್ಕೆ ಸರಿದು ಆಳುಗಳ ಜೊತೆ ನಿಲ್ಲುವುದು. ಎರಡು ಚಳಿಗಾಲ ಹೀಗೆ ನಡೆಯಿತು.

ಮೂರನೆಯ ಚಳಿಗಾಲದ ಮೊದಲ ಭಾನುವಾರ ಪುಟ್ಟತ್ತೆ ಸೀದಾ ಹೋಗಿ ಸಾಲಿನಲ್ಲಿ ನಿಂತಳು. ನಾನು ಅಪ್ಪನ ಜೊತೆ ಏರಿಯ ಮೇಲಿದ್ದೆ. ಕೆಳಗೆ ಗುಸುಗುಸು, ನಗು. ಮೇಜರು ಹತ್ತಿರ ಬಂದು, "ಏನಮ್ಮಾ, ಇಲ್ಲೇಕೆ ನಿಂತೆ?" ಎಂದರು.

"ದಾರಿ ತೋರ್ಸಕ್ಕೆ ಮುಂದೆ, ಓಡಕ್ಕೆ ಹಿಂದೆ ಅಂದ್ರೆ ಅದ್ಯಾವ ನ್ಯಾಯ ಸ್ವಾಮಿ? ನಾನೂ ಓಡುಸ್ತೀನಿ."

ಮೇಜರು ಸಿಟ್ಟಾಗಲಿಲ್ಲ. "ನಿನ್ನ ಸವಾರಿ ನೋಡಿದೀನಿ, ಒಳ್ಳೇ ಸವಾರಿ. ನನ್ನ ಕುದುರೆ ಒಂದು ಕೊಡ್ತೀನಿ, ಅದರ ಮೇಲೆ ಬಾ. ಈ ತಟ್ಟು ಬೇಡ. ತಟ್ಟು ನಮ್ಮ ಸಾಲಿಗೆ ಬರೋದಿಲ್ಲ" ಎಂದರು. ಈಗ ನೆನೆಸಿಕೊಂಡರೆ ನಗು ಬರುತ್ತದೆ. ನಮ್ಮೂರಿಗೆ ತಟ್ಟುವಿನ ಬಗ್ಗೆ ತಕರಾರಿರಲಿಲ್ಲ, ಹೆಂಗಸು ಹತ್ತಿದ್ದೇ ತಕರಾರು. ಅವರಿಗೆ ಹೆಂಗಸಿನ ಬಗ್ಗೆ ತಕರಾರಿರಲಿಲ್ಲ, ತಟ್ಟುವೇ ತಕರಾರು. ಇಬ್ಬರ ನಡುವೆ ನಮ್ಮ ಪುಟ್ಟತ್ತೆ ಗೋಣಿಯ ಮೇಲೆ ನೆಟ್ಟಗೆ ಕೂತಿದ್ದಳು. ಆಳೊಬ್ಬ ಕೆಂಪು ಕುದುರೆಯೊಂದನ್ನು ಹಿಡಿದು ತಂದ. ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ಬೆನ್ನ ಮೇಲೆ ಹೊಸ ಜೀನು. ಬೇರೆ ಯಾರೇ ಆಗಿದ್ದರೂ ಹತ್ತಿಬಿಡುತ್ತಿದ್ದರು. ಪುಟ್ಟತ್ತೆ ಅದರ ಕುತ್ತಿಗೆ ಸವರಿ, "ಚಂದಾಗೈತೆ" ಎಂದಳು. ಆಮೇಲೆ ಜೀರಿಗೆಯ ಮುಖ ತಿರುಗಿಸಿದಳು. "ಇವಳು ಬಂದ್ರೆ ನಾನು ಬತ್ತೀನಿ ಸ್ವಾಮಿ. ಇಲ್ದಿದ್ರೆ ನಿಮ್ ನರಿ ನೀವೇ ಉಡುಕ್ಕೊಳಿ."

ಅವರು ಹುಡುಕಿಕೊಂಡರು, ಪಾಪ. ಆ ಭಾನುವಾರ, ಮುಂದಿನ ಭಾನುವಾರ, ಅದರ ಮುಂದಿನದೂ. ಲಾಂಟಾನ ಪೊದೆಗಳನ್ನೆಲ್ಲ ಬಡಿದು, ಒಂದು ಮೊಲವನ್ನೂ ಎಬ್ಬಿಸದೆ, ಮೈಯೆಲ್ಲ ಮುಳ್ಳು ಹತ್ತಿಸಿಕೊಂಡು ದಂಡಿಗೆ ಮರಳಿದರು. ಮನೆಯಲ್ಲಿ ಅಜ್ಜಿ ಪುಟ್ಟತ್ತೆಯ ಮೇಲೆ ಕೂಗಾಡಿದಳು, ದೊಡ್ಡವರನ್ನು ಎದುರು ಹಾಕಿಕೊಂಡೆಯಲ್ಲ ಎಂದು. ಪುಟ್ಟತ್ತೆ ಲಾಯದಲ್ಲಿ ಜೀರಿಗೆಯ ಕುತ್ತಿಗೆಗೆ ಹಣೆ ಹಚ್ಚಿ ನಿಂತಿದ್ದನ್ನು ನಾನು ಒಮ್ಮೆ ನೋಡಿದೆ. ಆ ಸಾಲು ಅವಳಿಗೆ ಅಷ್ಟು ಬೇಕಾಗಿತ್ತು. ಊರಲ್ಲಿ ಮದುವೆ ಮುಂಜಿಯಲ್ಲಿ ಹಿಂದೆ ನಿಲ್ಲು ಎಂದು ಹೇಳಿಸಿಕೊಳ್ಳುತ್ತಿದ್ದವಳು, ಒಂದು ಕಡೆಯಾದರೂ ಮುಂದೆ ನಿಲ್ಲಬೇಕು, ಅದೂ ತನ್ನ ಕುದುರೆಯ ಜೊತೆಗೇ ನಿಲ್ಲಬೇಕು ಅಂದುಕೊಂಡಿದ್ದಳು.

ಒಂದು ಬೆಳಿಗ್ಗೆ ಮೇಜರು ಜೀಪಿನಲ್ಲಿ ನಮ್ಮ ಹಿತ್ತಲಿಗೇ ಬಂದರು. ಅಜ್ಜಿ ಗಾಬರಿಯಾಗಿ, ಏನು ಕೊಡುವುದೆಂದು ತಿಳಿಯದೆ, ಹಿತ್ತಾಳೆ ಲೋಟದಲ್ಲಿ ಬಿಸಿ ಹುರುಳಿ ಕಟ್ಟು ಕೊಟ್ಟಳು. ಅವರು ಊದಿ ಊದಿ ಕುಡಿದರು, ಇನ್ನೊಂದು ಲೋಟ ಕೇಳಿ ಹಾಕಿಸಿಕೊಂಡರು. ಬುಟ್ಟಿಯಲ್ಲಿ ಆರುತ್ತಿದ್ದ ಕಾಳು ತೋರಿಸಿ, "ಇದು?" ಎಂದರು. "ಅದು ಜೀರಿಗೇದು. ನಮ್ದು ನೀರು ಮಾತ್ರ" ಎಂದಳು ಪುಟ್ಟತ್ತೆ. ಮೇಜರು ಲಾಯಕ್ಕೆ ಹೋಗಿ ಜೀರಿಗೆಯ ಗೊರಸು ಎತ್ತಿ ನೋಡಿದರು. "ಸರಿ. ಈ ಭಾನುವಾರ ಸಾಲಿನ ಹಿಂದಿನಿಂದ ಹೊರಡು. ಓಟ ಮುಗಿದಾಗ ನಿನ್ನ ತಟ್ಟು ನನ್ನ ಕಣ್ಣಿಗೆ ಕಾಣೋ ಹಾಗಿದ್ದರೆ, ಆಮೇಲೆ ಸಾಲಿನಲ್ಲಿ ಅದಕ್ಕೂ ಜಾಗ. ಕಾಣದಿದ್ದರೆ ಮತ್ತೆ ಕೇಳಬಾರದು."

ಆ ಭಾನುವಾರ ಅರ್ಧ ಯಲಹಂಕವೇ ಕೆರೆ ಏರಿಯ ಮೇಲಿತ್ತು. ಪುಟ್ಟತ್ತೆ ತೋರಿಸಿದ ಪೊದೆಯಿಂದಲೇ ನರಿ ಎದ್ದಿತು, ನಾಯಿಗಳು ಬೊಗಳುತ್ತಾ ಬೆನ್ನಟ್ಟಿದವು, ಎತ್ತರದ ಕುದುರೆಗಳು ಗುಡುಗಿಕೊಂಡು ಹೋದವು. ಹಿಂದೆ ಜೀರಿಗೆ ತನ್ನ ಚಿಕ್ಕ ಕಾಲುಗಳನ್ನು ಬಡಬಡ ಎತ್ತಿಡುತ್ತಾ ಹೊರಟಳು. ನಕ್ಕವರು ಬಹಳ. ಆದರೆ ನರಿ ನೆಟ್ಟಗೆ ಹೋಗಲಿಲ್ಲ, ಕೆರೆ ಅಂಗಳಕ್ಕೆ ಇಳಿಯಿತು. ಮೇಲೆ ಒಣಗಿ ಬಿರುಕು ಬಿಟ್ಟ, ಒಳಗೆ ಇನ್ನೂ ಹಸಿಯಾಗಿದ್ದ ಮಣ್ಣು. ಎತ್ತರದ ಕುದುರೆಗಳು ಮೊಣಕಾಲುದ್ದ ಹೂತವು. ಶ್ರೀಮಂತರೊಬ್ಬರು ಟೋಪಿ ಸಮೇತ ಕೆಸರಿಗೆ ಬಿದ್ದರು. ದಿನಾ ಅಲ್ಲೇ ಮೇಯುತ್ತಿದ್ದ ಜೀರಿಗೆ ಗರಿಕೆ ಬೆಳೆದು ಗಟ್ಟಿಯಾಗಿದ್ದ ಕಡೆಯೇ ಕಾಲಿಟ್ಟುಕೊಂಡು ಆಚೆ ದಡ ಹತ್ತಿದಳು. ಇಷ್ಟನ್ನು ನಾನು ಕಣ್ಣಾರೆ ಕಂಡೆ, ಗಂಟಲು ಹರಿಯುವಂತೆ ಕೂಗಿದೆ.

ಮುಂದಿನದು ಪುಟ್ಟತ್ತೆ ಹೇಳಿದ್ದು, ಮೇಜರು ಒಪ್ಪಿಕೊಂಡದ್ದು. ನರಿ ಕೊಡಿಗೇಹಳ್ಳಿ ಕಡೆ ತಿರುಗಿ ದ್ರಾಕ್ಷಿ ತೋಟಕ್ಕೆ ನುಗ್ಗಿತು. ಅಲ್ಲಿ ಕಲ್ಲುಕಂಬ, ಕಂಬದಿಂದ ಕಂಬಕ್ಕೆ ತಂತಿ, ಕೆಳಗೆ ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು ಜಾಗ. ನಾಯಿಗಳು ಅಲ್ಲಿ ವಾಸನೆ ತಪ್ಪಿ ಚದುರಿದವು. ಮೇಜರೂ ಅವರ ಜೊತೆ ಉಳಿದಿದ್ದ ಇಬ್ಬರೂ ತೋಟವನ್ನು ಸುತ್ತು ಹಾಕಬೇಕಾಯಿತು. ಪುಟ್ಟತ್ತೆ ಜೀರಿಗೆಯ ಕುತ್ತಿಗೆ ತಬ್ಬಿ ಬೋರಲು ಮಲಗಿದವಳಂತೆ ಮೈ ಚಪ್ಪಟೆ ಮಾಡಿಕೊಂಡಳು. ಜೀರಿಗೆ ತಲೆ ತಗ್ಗಿಸಿ ಚಪ್ಪರದ ಅಡಿಗೇ ಹೊಕ್ಕಳು. ಸೆರಗಿನ ಅರ್ಧ ತಂತಿಗೆ ಸಿಕ್ಕಿ ಹರಿಯಿತು, ಒಂದು ಬಳ್ಳಿಯೂ ಮುರಿಯಲಿಲ್ಲ. ಮೇಜರು ಬೆವರು ಸುರಿಸುತ್ತಾ ತೋಟದ ಆಚೆ ತುದಿ ತಲುಪಿದಾಗ, ರೈಲು ಹಳಿಯ ಕೆಳಗಿನ ಕಲ್ಲುಮೋರಿಯ ಹತ್ತಿರ ಜೀರಿಗೆ ಹುಲ್ಲು ಮೇಯುತ್ತಿದ್ದಳು. ಪುಟ್ಟತ್ತೆ ಎಲೆಗೆ ಸುಣ್ಣ ಹಚ್ಚುತ್ತಿದ್ದಳು.

"ನರಿ ಎಲ್ಲಿ?" ಎಂದರಂತೆ ಮೇಜರು.

"ಮೋರಿ ಬಾಯಲ್ಲಿ ನನ್ನ ಮುಖ ನೋಡ್ಕೊಂಡು ನಿಂತಿತ್ತು ಸ್ವಾಮಿ. ನೀವು ಬರೋದು ತಡ ಆಯ್ತು, ಬೇಜಾರು ಮಾಡ್ಕೊಂಡು ಒಳೀಕೆ ಓಯ್ತು."

ಮುಂದಿನ ಭಾನುವಾರ ಜೀರಿಗೆ ಸಾಲಿನಲ್ಲಿ ನಿಂತಳು. ಅಕ್ಕಪಕ್ಕದ ಕುದುರೆಗಳ ಭುಜಕ್ಕೆ ಅವಳ ಕಿವಿ. ದೂರದಿಂದ ನೋಡಿದರೆ ಹಲ್ಲಿನ ಸಾಲಲ್ಲಿ ಒಂದು ಹಲ್ಲು ಬಿದ್ದ ಹಾಗೆ ಕಾಣುತ್ತಿತ್ತು. ಆ ಬಿದ್ದ ಹಲ್ಲಿನ ಜಾಗ ನಮ್ಮದು! ನನಗೆ ಆಗ ಬಂದ ಹೆಮ್ಮೆ ಆಮೇಲೆ ಯಾವುದಕ್ಕೂ ಬಂದಿಲ್ಲ, ನನ್ನ ಮಕ್ಕಳ ಪದವಿಗೂ ಬಂದಿಲ್ಲ. ಇದನ್ನು ಅವರ ಮುಂದೆಯೇ ಹೇಳಿದ್ದೇನೆ, ಬೇಕಾದರೆ ಮುನಿಸಿಕೊಳ್ಳಲಿ. ವರ್ಷವೆಲ್ಲ ಬೈದ ಅಜ್ಜಿ ಉಪ್ಪು ಮೆಣಸಿನಕಾಯಿ ಸೆರಗಲ್ಲಿ ಕಟ್ಟಿಕೊಂಡು ಬಂದಿದ್ದಳು. ಆಫೀಸರುಗಳ ನಡುವೆಯೇ ನುಗ್ಗಿ ದೃಷ್ಟಿ ತೆಗೆದಳು, ಮಗಳಿಗಲ್ಲ, ಕುದುರೆಗೆ. ಮೇಜರು ಟೋಪಿ ತೆಗೆದು ಅದು ಮುಗಿಯುವವರೆಗೂ ಕಾದರು. ಸಾಲು ಹೊರಡಲಿಲ್ಲ.

ಅದಾದ ಮೇಲೆ ಕೆಲವೇ ಚಳಿಗಾಲ ಆ ಬೇಟೆ ನಡೆಯಿತು. ಜಾಲಹಳ್ಳಿ ಕಡೆಯಿಂದ ಕಾರ್ಖಾನೆಗಳ ಸೈರನ್ನು ಕೇಳತೊಡಗಿತು, ಹೊಲಗಳಿಗೆ ಮುಳ್ಳುತಂತಿ ಬಂತು, ನರಿಗಳು ಎಲ್ಲಿ ಹೋದವೋ. ಮೇಜರು ನಾಯಿಗಳನ್ನು ಯಾರಿಗೋ ಕೊಟ್ಟರಂತೆ. ಸ್ಟೇಷನ್ ಮುಂದೆ ಆಟೋಗಳು ನಿಂತವು. ಜೀರಿಗೆಗೆ ವಯಸ್ಸಾಗಿತ್ತು. ಒಂದು ಆಷಾಢದ ಗಾಳಿಯ ದಿನ ಲಾಯದಲ್ಲಿ ಮಲಗಿದವಳು ಏಳಲಿಲ್ಲ. ಕೆರೆ ಏರಿಯ ಕೆಳಗೆ, ಸಾಲು ನಿಲ್ಲುತ್ತಿದ್ದ ಜಾಗದಲ್ಲೇ ಅವಳನ್ನು ಮಣ್ಣು ಮಾಡಿದೆವು. ಮಾರನೆಯ ಬೆಳಿಗ್ಗೆ ಎದ್ದರೆ ಅದೇ ಹುರುಳಿಯ ವಾಸನೆ. ಪುಟ್ಟತ್ತೆ ಅಭ್ಯಾಸಬಲದಿಂದ ಹಂಡೆ ಏರಿಸಿಬಿಟ್ಟಿದ್ದಳು. ಕಟ್ಟು ಬಸಿದಾಯಿತು, ಸಾರೂ ಆಯಿತು. ಬುಟ್ಟಿಯಲ್ಲಿ ಕಾಳು ಆರುತ್ತಾ ಕೂತಿತ್ತು. ಅಜ್ಜಿ, "ಇನ್ಯಾರಿಗೆ, ಮಕ್ಳು ತಿನ್ಲಿ" ಎಂದಳು. ನಮ್ಮ ಕೈ ಮುಂದೆ ಹೋಗಲಿಲ್ಲ. ಅಷ್ಟು ವರ್ಷ ಆಸೆಪಟ್ಟ ಕಾಳು. ಪುಟ್ಟತ್ತೆ ಬುಟ್ಟಿ ಎತ್ತಿಕೊಂಡು ಕೆರೆಯ ಕಡೆ ನಡೆದಳು. ಅಲ್ಲಿಗೆ ಅವಳು ನಡೆದು ಹೋದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಈಗ ನಾನಿರುವುದು ಕೊಡಿಗೇಹಳ್ಳಿಯ ಒಂದು ಅಪಾರ್ಟ್‌ಮೆಂಟಿನಲ್ಲಿ. ಆ ದ್ರಾಕ್ಷಿ ತೋಟ ಇದ್ದದ್ದು ಸುಮಾರು ಇಲ್ಲೇ. ನನ್ನ ಅಡುಗೆಮನೆಯ ಕೆಳಗೆಲ್ಲೋ ಜೀರಿಗೆ ತಲೆ ತಗ್ಗಿಸಿ ಓಡಿದ ನೆಲವಿದೆ. ರೈಲು ಹೋದಾಗ ಪಾತ್ರೆಗಳು ಸಣ್ಣಗೆ ನಡುಗುತ್ತವೆ. ನಿನ್ನೆ ಹುರುಳಿ ಬೇಯಿಸಿ ಕಟ್ಟಿನ ಸಾರು ಮಾಡಿದೆ, ಕಾಳನ್ನು ಬೇರೆ ಬಟ್ಟಲಿಗೆ ತೆಗೆದಿಟ್ಟೆ. ಮೊಮ್ಮಗಳು ಚಮಚ ಹಿಡಿದು ಬಂದಳು.

"ಅಜ್ಜಿ, ಇದನ್ನ ಯಾವಾಗ್ಲೂ ಯಾಕೆ ಪಕ್ಕಕ್ಕೆ ಇಡ್ತೀಯಾ? ನಾವ್ ತಿನ್ಬಾರ್ದಾ?"

"ಅದು ನಮ್ದಲ್ಲ ಕಣೆ" ಎಂದೆ. ಯಾರದೆಂದು ಕೇಳಿದಳು, ಇದೆಲ್ಲವನ್ನೂ ಹೇಳಿದೆ. ಕೇಳಿ ಮುಗಿಸಿದವಳು ಚಮಚ ಕೆಳಗಿಟ್ಟು, ಡಬ್ಬಿಯಿಂದ ಒಂದು ಚೂರು ಬೆಲ್ಲ ತೆಗೆದು ಕಾಳಿನ ಮೇಲೆ ಹಾಕಿದಳು.