ಬಿಸಿಲಲ್ಲಿ ಬೆಳಗಿದ ಪರದೆ

ಮೊನ್ನೆ ಸಂಜೆ ಶಿವಮೊಗ್ಗದ ಬಸ್ ನಿಲ್ದಾಣದ ಹತ್ತಿರ ದೊಡ್ಡ ಎಲ್‌ಇಡಿ ಪರದೆಯೊಂದು ಸೀರೆಯ ಜಾಹೀರಾತು ತೋರಿಸುತ್ತಿತ್ತು. ಅದರ ಕೆಂಪು, ನೀಲಿ ಬೆಳಕು ಬಸ್ಸಿಗೆ ಕಾಯುತ್ತಿದ್ದವರ ಮುಖದ ಮೇಲೆಲ್ಲ ನಿಧಾನವಾಗಿ ಹರಿದಾಡುತ್ತಿತ್ತು. ಭದ್ರಾವತಿಯ ಬಸ್ಸು ಬಂದು ಹೋದರೂ ನಾನು ಹತ್ತಲಿಲ್ಲ. ನಿಮಗೂ ಹೀಗಾಗಿರಬಹುದು, ಯಾವುದೋ ಬೆಳಕು ಕಣ್ಣಿಗೆ ಬಿದ್ದು ನಿಂತ ಜಾಗವೇ ಮರೆತುಹೋಗುವುದು. ನನಗೆ ಅತ್ತಿಗೆ ನೆನಪಾದರು.

ಅತ್ತಿಗೆ, ಅಂದರೆ ನನ್ನ ಅಣ್ಣನ ಹೆಂಡತಿ, ದುರ್ಗಿಗುಡಿಯ ಮನೆಯಿಂದ ಮಾಚೇನಹಳ್ಳಿಯ ವರ್ಕ್‌ಶಾಪಿಗೆ ಹೋಗಿ ಇಂಥ ಪರದೆಗಳನ್ನು ಜೋಡಿಸುತ್ತಿದ್ದರು. ನಾನೋ ಭದ್ರಾವತಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಬೆಳಕಿನ ಪಾಠವನ್ನು ಅದೆಷ್ಟು ಸಲ ಮಾಡಿದ್ದೆನೋ! ಹಾಗಾಗಿ ಅವರ ಕೆಲಸವನ್ನು 'ಬಲ್ಬು ಅಂಟಿಸೋದು' ಎಂದು ಗೇಲಿ ಮಾಡುವ ಹಕ್ಕು ನನಗಿದೆ ಅಂದುಕೊಂಡಿದ್ದೆ.

ನಮ್ಮ ಶಾಲೆಯ ಡ್ರಾಯಿಂಗ್ ಮೇಷ್ಟ್ರು ನಿವೃತ್ತರಾಗುವ ಹೊತ್ತಿಗೆ ಅವರ ಕಣ್ಣು ಮಂಜಾಗುತ್ತ ಬಂದಿತ್ತು. ಮಕ್ಕಳು ವರ್ಷಾನುಗಟ್ಟಲೆ ಬರೆದ ಚಿತ್ರಗಳನ್ನು ಅವರು ಜೋಪಾನ ಮಾಡಿದ್ದರು. ಈಗ ಕಾಗದದ ಮೇಲೆ ಅವು ಅವರಿಗೆ ಕಾಣುತ್ತಿರಲಿಲ್ಲ. "ಒಂದ್ಸಲ ದೊಡ್ಡದಾಗಿ ನೋಡ್ಬೇಕು ಕಣ್ರೀ" ಎಂದಿದ್ದರು. ಬೀಳ್ಕೊಡುಗೆಯ ದಿನ ಶಾಲೆಯ ಬಯಲಲ್ಲಿ ಅವನ್ನು ಪ್ರೊಜೆಕ್ಟರ್‌ನಲ್ಲಿ ತೋರಿಸುವ ಹೊಣೆಯನ್ನು ನಾನು ಹೊತ್ತೆ.

ಅತ್ತಿಗೆ ಮೊದಲೇ ಹೇಳಿದ್ದರು. "ಮಧ್ಯಾಹ್ನ, ಬಯಲಲ್ಲಿ? ಕಾಣಲ್ಲ ಮಾರಾಯ. ಪ್ರೊಜೆಕ್ಟರ್ ಬಟ್ಟೆ ಮೇಲೆ ಬೆಳಕು ಚೆಲ್ಲುತ್ತೆ, ಸೂರ್ಯನೂ ಅದೇ ಬಟ್ಟೆ ಮೇಲೆ ಚೆಲ್ತಾನೆ. ಗೆಲ್ಲೋದ್ಯಾರು? ಟೀವಿ ಇಟ್ರೂ ಬಿಸಿಲಿಗೆ ಅದರ ಗಾಜು ಕನ್ನಡಿ ಆಗುತ್ತೆ. ನಮ್ಮ ಪರದೇಲಿ ಒಂದೊಂದು ಚುಕ್ಕೀನೂ ತಾನೇ ಜೋರಾಗಿ ಉರಿಯುತ್ತೆ."

"ನೋಡೋಣ ಬಿಡಿ ಅತ್ತಿಗೆ" ಎಂದೆ, ಎಂಟನೇ ಕ್ಲಾಸಿನವರಿಗೆ ಹೇಳುವ ಧಾಟಿಯಲ್ಲಿ.

ಅಂದು ಬಟ್ಟೆಯ ಮೇಲೆ ಬಿಸಿಲಷ್ಟೇ ಕಂಡಿತು. ಮೇಷ್ಟ್ರು ಮುಂದಿನ ಸಾಲಿನಲ್ಲಿ ಕೂತು, ಖಾಲಿ ಬಿಳುಪನ್ನೇ ನೋಡುತ್ತ "ಚೆನ್ನಾಗಿದೆ, ಚೆನ್ನಾಗಿದೆ" ಅನ್ನುತ್ತಿದ್ದರು. ತಮ್ಮ ಕಣ್ಣೇ ಪೂರ್ತಿ ಹೋಯಿತೆಂದು ತಿಳಿದಿದ್ದರು.

ಸಭೆಗೆ ಬಂದಿದ್ದ ಅತ್ತಿಗೆ ಎದ್ದು ಪಕ್ಕಕ್ಕೆ ಹೋಗಿ ಫೋನ್ ಮಾಡಿದರು. ಸ್ವಲ್ಪ ಹೊತ್ತಿಗೆ ವರ್ಕ್‌ಶಾಪಿನ ಗಾಡಿ ಬಂತು. ಸೆರಗು ಸಿಕ್ಕಿಸಿಕೊಂಡು, ಜೊತೆಯವರೊಂದಿಗೆ ಚೌಕಚೌಕದ ಹಲಗೆಗಳನ್ನು ಒಂದಕ್ಕೊಂದು ಕೂಡಿಸಿ, ಹಿಂದುಗಡೆ ವೈರು ಎಳೆದರು. ಸುಡುಬಿಸಿಲಿನ ನಡುವೆ, ಕನಸಿನಲ್ಲಿ ತೆರೆದ ಕಿಟಕಿಯ ಹಾಗೆ, ಹಸಿರೂ ಹಳದಿಯೂ ಉಕ್ಕಿ ಬಂದವು.

ಮೇಷ್ಟ್ರು ಆಸೆಯಿಂದ ಹತ್ತಿರ ಹೋಗಿ ಮೂಗು ತಾಗುವಷ್ಟು ಬಗ್ಗಿದರು. "ಬರೀ ಚುಕ್ಕಿ ಕಣಮ್ಮ."

"ಕೆಂಪು, ಹಸಿರು, ನೀಲಿ, ಅಷ್ಟೇ ಇರೋದು ಸಾರ್. ಅವು ಬೆರೆತು ಕಾಣೋಕೆ ಸ್ವಲ್ಪ ದೂರ ಬೇಕು. ಹಿಂದೆ ಬನ್ನಿ." ಅತ್ತಿಗೆ ಅವರ ಕೈಹಿಡಿದು ಒಂದೊಂದೇ ಹೆಜ್ಜೆ ಹಿಂದಕ್ಕೆ ನಡೆಸಿದರು.

ಮೇಷ್ಟ್ರು ಥಟ್ಟನೆ ನಿಂತರು. "ಎಮ್ಮೆ! ಐದು ಕಾಲಿನ ಎಮ್ಮೆ! ಅದರಲ್ಲೊಂದು ಬಾಲ ಅಂತ ವಾದ ಮಾಡಿದ್ಲು ಆ ಹುಡುಗಿ." ನಗುತ್ತಲೇ ಕಣ್ಣೊರೆಸಿಕೊಂಡರು. ಆಮೇಲೆ ಒಂದೊಂದು ಚಿತ್ರ ಬಂದಾಗಲೂ ಒಂದೊಂದು ಮಗುವಿನ ಹೆಸರು ಹೇಳುತ್ತ ಹೋದರು.

ವಂದನಾರ್ಪಣೆ ನನ್ನದು. ಮೈಕಿನವರು, ಕುರ್ಚಿಯವರು, ಎಲ್ಲರ ಹೆಸರೂ ಹೇಳಿದೆ. ಅತ್ತಿಗೆಯನ್ನು ಮಾತ್ರ 'ತಾಂತ್ರಿಕ ಸಹಕಾರ ನೀಡಿದವರು' ಎಂದು ದಾಟಿಸಿಬಿಟ್ಟೆ. ಮರೆವಲ್ಲ. ಹೆಸರು ಹೇಳಿದರೆ ನನ್ನ ಸೋಲು ಊರಿಗೆಲ್ಲ ಕೇಳುತ್ತಿತ್ತು.

ಮೊನ್ನೆ ಬಸ್ಸು ಬಿಟ್ಟು ದುರ್ಗಿಗುಡಿಗೆ ನಡೆದೆ. ಅತ್ತಿಗೆ ಬಾಗಿಲು ತೆರೆದರು. ನಿಂತಲ್ಲೇ ಹೇಳಿದೆ: "ಅವತ್ತು ಮೈಕಲ್ಲಿ ನಿಮ್ಮ ಹೆಸರು ಹೇಳ್ಬೇಕಿತ್ತು ಅತ್ತಿಗೆ. ಬೇಕಂತಲೇ ಬಿಟ್ಟೆ."

ಯಾವತ್ತು ಎಂದು ಅವರು ಕೇಳಲಿಲ್ಲ.

"ಕೂತ್ಕೋ. ನಿಮ್ಮಣ್ಣ ಬರ್ಲಿ, ಅವರೆದುರಿಗೂ ಒಂದ್ಸಲ ಹೇಳು" ಎಂದರು.

ಅಣ್ಣ ಬರುವವರೆಗೂ ಕೂತಿದ್ದೆ.