ಕಾವು ಕೂತ ಜಾಗ

ಅವರ ಬಲ ಅಂಗೈಯಲ್ಲಿ, ಬೆರಳುಗಳಲ್ಲಿ ಒಂದು ರೇಖೆಯೂ ಇರಲಿಲ್ಲ. ಬಳಸಿ ಬಳಸಿ ಸವೆದ ಸಾಬೂನಿನ ಹಾಗೆ ನುಣ್ಣಗಿತ್ತು. ಆಫೀಸಿನ ಹಾಜರಿ ಯಂತ್ರದ ಮೇಲೆ ಆ ಕೈಯ ಬೆರಳಿಟ್ಟರೆ ಅದು ಕೆಂಪು ದೀಪ ಹಚ್ಚಿ ಸುಮ್ಮನಾಗುತ್ತಿತ್ತು. ಎಡಗೈ ಇಡಿ ಎಂದರೆ ಅವರು ಒಪ್ಪುತ್ತಿರಲಿಲ್ಲ. “ಮಷೀನ್ ಪ್ರಕಾರ ನಾ ಇನ್ನೂ ಹುಟ್ಟೇ ಇಲ್ರಿ,” ಎಂದು ದಿನವೂ ಅದೇ ಮಾತು ಹೇಳಿ ಒಳಗೆ ಬರುತ್ತಿದ್ದರು. ದಿನವೂ ಯಾರಾದರೂ ಒಬ್ಬರು ನಗುತ್ತಿದ್ದರು.

ನಾವು ಅವರನ್ನು ಬಾಯ್ಲರ್ ಚಾಚಾ ಎನ್ನುತ್ತಿದ್ದೆವು. ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ, ಭತ್ತ ಕುದಿಸುವ ಬಾಯ್ಲರಿನ ಮುಂದೆ ಅವರ ಅರ್ಧ ಆಯುಷ್ಯ ಕಳೆದಿತ್ತು. ಅಂಗೈಯ ರೇಖೆಗಳು ಹೋದದ್ದೂ ಅಲ್ಲಿಯೇ, ಹಬೆಯ ಪೈಪು ಒಡೆದ ದಿನ. ಆ ದಿನ ಪೈಪಿನ ಎದುರಿಗೆ ಅವರ ಜೊತೆಗಾರನೊಬ್ಬ ನಿಂತಿದ್ದನಂತೆ. ಅವನ ಬಗ್ಗೆ ಚಾಚಾ ಹೇಳುತ್ತಿದ್ದದ್ದು ಇಷ್ಟೇ: “ಅವ ಅಲ್ಲಿ ನಿಂತಿದ್ದ. ನಿಂದ್ರಬಾರದಿತ್ತು.”

ನಮ್ಮ ಆಫೀಸು ಗಿರಣಿಗಳ ಬೆಲ್ಟು, ಬೇರಿಂಗು ಮಾರುವ ಅಂಗಡಿಯ ಮೇಲಿನ ಮಹಡಿ. ಕೆಲಸ ಮಾತ್ರ ಚಳಿ ದೇಶಗಳದ್ದು. ಅಲ್ಲಿನ ಮನೆಗಳ ಗೋಡೆಗೆ ಕೂರಿಸುವ ಹೀಟರ್ ಪ್ಯಾನೆಲ್ಲುಗಳಿರುತ್ತವೆ. ಅವು ಕೋಣೆಯ ಗಾಳಿಯನ್ನಲ್ಲ, ಎದುರಿಗಿದ್ದವರನ್ನು ನೇರವಾಗಿ ಕಾಯಿಸುತ್ತವೆ, ಒಲೆಯ ಮುಂದೆ ಕೂತರೆ ಮುಖ ಕಾಯುವಂತೆ. ಆ ಪ್ಯಾನೆಲ್ಲುಗಳ ಕಂಪ್ಯೂಟರ್ ಮಾಡೆಲ್ ಮಾಡುವುದು ನಮ್ಮ ಕೆಲಸ. ದೂರದಲ್ಲೆಲ್ಲೋ ಒಬ್ಬ ವಿನ್ಯಾಸಕಾರ ಕಟ್ಟಡವನ್ನು ಕಂಪ್ಯೂಟರಿನಲ್ಲಿ ಕಟ್ಟುವಾಗ ನಮ್ಮ ಮಾಡೆಲನ್ನು ಎಳೆದು ತನ್ನ ಗೋಡೆಗೆ ಕೂರಿಸುತ್ತಾನೆ. ಮಾಡೆಲಿನಲ್ಲಿ ಪ್ಯಾನೆಲ್ಲಿನ ಉದ್ದಗಲ, ತೂಕ, ಪೈಪು ಸೇರುವ ಬಾಯಿ ಎಲ್ಲ ಇರುತ್ತದೆ. ಜೊತೆಗೆ ಪ್ಯಾನೆಲ್ಲಿನ ಮುಂದೆ ಒಂದು ಪಾರದರ್ಶಕ ಪೆಟ್ಟಿಗೆ. ಅದರೊಳಗೆ ಏನನ್ನೂ ಇಡಬಾರದು, ಹಾಸಿಗೆ, ಪರದೆ, ಕುರ್ಚಿ ಯಾವುದನ್ನೂ. ವಿನ್ಯಾಸಕಾರ ಇಟ್ಟರೆ ಕಂಪ್ಯೂಟರ್ ಎಚ್ಚರಿಸುತ್ತದೆ.

ನಮ್ಮ ಮಾಲೀಕರು ಚಾಚಾರನ್ನು ಕರೆತಂದದ್ದು ಈ ಪೆಟ್ಟಿಗೆಗಾಗಿ. ನಮಗೆಲ್ಲ ಡಿಗ್ರಿ ಇತ್ತು, ಕಾವು ಗೊತ್ತಿರಲಿಲ್ಲ. ನಾವು ಅದನ್ನು ಖಾಲಿ ಜಾಗ ಎನ್ನುತ್ತಿದ್ದೆವು. ಚಾಚಾ ಮೊದಲ ದಿನವೇ ನನ್ನನ್ನು ತಿದ್ದಿದರು. “ಖಾಲಿ ಅಲ್ಲ ಬೇಟಿ ಅದು. ಅಲ್ಲಿ ಕಾವು ಕುಂತಿರ್ತೈತಿ. ಬೆಂಕಿಗಿ ಕಣ್ಣು ಇರ್ತಾವ. ಅದು ನೋಡೋ ದಾರ್‍ಯಾಗ ಮನುಷ್ಯಾ ಕುಂದ್ರಬಾರದು.”

ನಾನು ಮಂಗಳೂರಿನವಳು, ಕಡಲ ತೀರದ್ದಲ್ಲ, ಯಲಬುರ್ಗಾ ಕಡೆ ಅದೇ ಹೆಸರಿನ ಹಳ್ಳಿ. ಹೊಸದಾಗಿ ಪರಿಚಯವಾದವರೆಲ್ಲ ಸಮುದ್ರ, ಮೀನಿನ ಬಗ್ಗೆ ಕೇಳುತ್ತಾರೆ. ಕೇಳದೇ ಇದ್ದವರು ಚಾಚಾ ಒಬ್ಬರೇ. “ಕುಕನೂರ ಬಸ್ಸಿಗೆ ಬರ್ತೀಯೇನು?” ಎಂದಷ್ಟೇ ಕೇಳಿದರು. ನನಗೆ ಹೆಚ್ಚು ಮಾತು ಬರುವುದಿಲ್ಲ. ಅವರು ಅದನ್ನು ಕೊರತೆ ಎಂದು ತಿಳಿಯಲಿಲ್ಲ.

ಅವರು ಮಾಡೆಲನ್ನು ಪರದೆಯ ಮೇಲೆ ನೋಡಿ ಒಪ್ಪುತ್ತಿರಲಿಲ್ಲ. ಆಫೀಸಿನ ಹಾಲಿನ ಕೊನೆಯ ಗೋಡೆಗೆ ಪ್ಯಾನೆಲ್ಲಿನ ಅಳತೆಯ ರಟ್ಟನ್ನು ಅಂಟಿಸುವುದು, ಅದರ ಮುಂದೆ ನೆಲದ ಮೇಲೆ ಪೆಟ್ಟಿಗೆಯ ಜಾಗವನ್ನು ಸೀಮೆಸುಣ್ಣದಿಂದ ಎಳೆಯುವುದು, ಗೆರೆಯ ಹೊರಗೆ ಒಂದು ಕುರ್ಚಿ ಹಾಕಿ ಕೂರುವುದು. ಕೂತು ಬಲಗೈಯನ್ನು ರಟ್ಟಿನ ಕಡೆ ಹಿಡಿದು ಕಣ್ಣು ಮುಚ್ಚುತ್ತಿದ್ದರು. ರಟ್ಟಿನಲ್ಲಿ ಬೆಂಕಿ ಎಲ್ಲಿಂದ ಬರಬೇಕು? ಆದರೂ ಕೈ ಮುಂದೆ ಹೋಗುತ್ತಾ ಹೋಗುತ್ತಾ ಒಂದು ಕಡೆ ಚುರ್ ಎಂದು ಸುಟ್ಟಂತೆ ಹಿಂದೆ ಬರುತ್ತಿತ್ತು. ಟೇಪು ಹಿಡಿದು ನೋಡಿದರೆ ಪ್ಯಾನೆಲ್ಲು ತಯಾರಿಸುವ ಕಂಪನಿಯವರು ಕಳಿಸಿದ ಹಾಳೆಯಲ್ಲಿರುವ ಅಳತೆ ಅಲ್ಲಿಯೇ ಇರುತ್ತಿತ್ತು. ಆ ಹಾಳೆ ಇಂಗ್ಲಿಷಿನಲ್ಲಿತ್ತು. ಚಾಚಾಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ.

ಹುಡುಗರು ಚೇಷ್ಟೆ ಮಾಡುತ್ತಿದ್ದರು. ಗಂಗಾವತಿಯ ಬ್ಯಾಸಗಿಯಲ್ಲಿ ಹೀಟರಿನ ಕೆಲಸ, ಇದಕ್ಕಿಂತ ಹುಚ್ಚು ಏನಿದೆ, ಚಾಚಾ ನಮಗೆ ತಂಪಿನ ಗೆರೆಯೊಂದು ಎಳೆದುಕೊಡಲಿ ಎನ್ನುತ್ತಿದ್ದರು. ಆದರೆ ಗೆರೆಯೊಳಗೆ ಕಾಲಿಡುತ್ತಿರಲಿಲ್ಲ, ಯಾರೂ. ನೀರಿನ ಫಿಲ್ಟರಿಗೆ ಹೋಗುವಾಗಲೂ ಸುತ್ತು ಹಾಕಿ ಹೋಗುತ್ತಿದ್ದೆವು.

ನಾನು ಮಾಡಿದ ತಪ್ಪು ನಮ್ಮ ಕೆಲಸದವರು ಮಾತ್ರ ಮಾಡುವಂಥದ್ದು. ಕಂಪನಿ ಒಂದು ದೊಡ್ಡ ಪ್ಯಾನೆಲ್ಲಿನ ಮಾಡೆಲ್ ಕೇಳಿತ್ತು, ಒಂದು ವೃದ್ಧಾಶ್ರಮದ ಕೋಣೆಗಳಿಗಾಗಿ. ಹೊಸದಾಗಿ ಮಾಡುವ ಬದಲು ನಾನು ಚಿಕ್ಕ ಪ್ಯಾನೆಲ್ಲಿನ ಮಾಡೆಲನ್ನೇ ಹಿಗ್ಗಿಸಿದೆ. ಪ್ಯಾನೆಲ್ಲು ಬೆಳೆಯಿತು. ಅಳತೆ ಬದಲಾಗದಂತೆ ಬೀಗ ಹಾಕಿಟ್ಟಿದ್ದ, ಅದರ ಮುಂದಿನ ಪಾರದರ್ಶಕ ಪೆಟ್ಟಿಗೆ ಬೆಳೆಯಲಿಲ್ಲ.

ಚಾಚಾ ನನ್ನ ಪರದೆಯ ಹಿಂದೆ ನಿಂತು ನೋಡಿದರು. “ಇದು ಸಣ್ಣದು ಕಾಣಸ್ತೈತಿ ಬೇಟಿ. ಅಳದಿಯೇನು?”

“ಅಳದೀನ್ರಿ ಚಾಚಾ,” ಎಂದೆ.

ನಾನು ಅಳೆದಿರಲಿಲ್ಲ. ಅಂದು ಏಕೆ ಹಾಗೆ ಹೇಳಿದೆನೋ ಇಂದಿಗೂ ನನಗೆ ಸರಿಯಾಗಿ ಗೊತ್ತಿಲ್ಲ. ಡಿಗ್ರಿ ಇಲ್ಲದವರು ಕೇಳಿದರು ಎಂಬ ಅಹಂಕಾರವಿರಬಹುದು. ಅವರು ನನ್ನ ಮುಖವನ್ನಲ್ಲ, ತಮ್ಮ ಅಂಗೈಯನ್ನು ನೋಡಿಕೊಂಡರು. ಸೀಮೆಸುಣ್ಣ ತೆಗೆದುಕೊಂಡು ಹೋಗಿ ಗೋಡೆಯ ಮುಂದೆ ಮೊಣಕಾಲೂರಿ, ಟೇಪಿಲ್ಲದೆ, ಅಂಗೈಯಿಂದ ಗಾಳಿಯನ್ನು ಸವರುತ್ತಾ ಒಂದು ಚೌಕ ಎಳೆದರು. ಎದ್ದು, ಕೈ ಝಾಡಿಸಿ, ಮನೆಗೆ ಹೋದರು. ಮರುದಿನ ಬರಲಿಲ್ಲ. ಮೂರನೆಯ ದಿನ ನಸುಕಿನಲ್ಲಿ ತೀರಿಕೊಂಡರೆಂದು ಸುದ್ದಿ ಬಂತು. ಎದೆನೋವಂತೆ. ನಾನು ಅವರ ಮನೆಗೆ ಹೋಗಿ, ಬಾಗಿಲ ಹೊರಗೆ ಹೆಂಗಸರ ನಡುವೆ ನಿಂತು ಬಂದೆ. ಅದೇ ವಾರ ನನ್ನ ಮಾಡೆಲ್ ಕಂಪನಿಗೆ ಹೋಯಿತು, “ಪರೀಕ್ಷಿಸಿದೆ” ಎಂಬ ನನ್ನ ಸಹಿಯೊಂದಿಗೆ.

ಚೌಕವನ್ನು ಅಳಿಸಲು ಯಾರಿಗೂ ಮನಸ್ಸಾಗಲಿಲ್ಲ ಎಂದುಕೊಂಡಿದ್ದೆ. ಆದರೆ ಕಸ ಗುಡಿಸಿ ನೆಲ ಒರೆಸಲು ಬರುವ, ಹುಲಿಗಿ ಕಡೆಯ ಅಕ್ಕ ಒಂದು ಬೆಳಿಗ್ಗೆ ನನ್ನ ಮೇಜಿನ ಹತ್ತಿರ ಬಂದು ದನಿ ತಗ್ಗಿಸಿದಳು. “ಅಕ್ಕಾರ, ನಾ ದಿನಾ ಒರಸ್ತೀನ್ರಿ ಅದನ್ನ. ಗೆರಿ ಹೋಗವಲ್ದು. ಮತ್ತ ಅದರ ಒಳಗ ಹಾಕಿದ ನೀರು ಲಗೂನ ಆರ್ತೈತ್ರಿ. ಹೊರಗಿಂದು ಹಸೀ ಇರ್ತೈತಿ, ಒಳಗ ಖಣಖಣ ಒಣಗಿರ್ತೈತಿ.”

ಕಿಟಕಿಯ ಗಾಳಿ ಇರಬಹುದು ಎಂದೆ. ಆ ಗೋಡೆಗೆ ಕಿಟಕಿ ಇಲ್ಲ.

ಅವು ಚಳಿಯ ದಿನಗಳು. ಒಂದು ಮಧ್ಯಾಹ್ನ ಕರೆಂಟ್ ಹೋಗಿ ಎಲ್ಲರೂ ಊಟಕ್ಕೆ ಕೆಳಗಿಳಿದಿದ್ದರು. ಮಾಲೀಕರು ಕೊಪ್ಪಳಕ್ಕೆ ಹೋಗಿದ್ದರು. ಚಪ್ಪಲಿ ಬಾಗಿಲಲ್ಲಿ ಬಿಟ್ಟು ಬರಿಗಾಲಲ್ಲಿದ್ದ ನಾನು, ನೀರಿನ ಬಾಟಲಿ ಹಿಡಿದು ಮೊದಲ ಸಲ ಸುತ್ತು ಹಾಕುವುದನ್ನು ಮರೆತೆ.

ಕಾಲಿಗೆ ಬೆಚ್ಚಗಾಯಿತು. ನಿಂತೆ. ಆಮೇಲೆ ಮುಖಕ್ಕೂ ತಾಗಿತು, ಗೋಡೆಯ ಕಡೆಯ ಒಂದೇ ಕೆನ್ನೆಗೆ. ಗೋಡೆಯ ಮೇಲೆ ರಟ್ಟು ಮಾತ್ರ ಇತ್ತು. ಒಂದು ಹೆಜ್ಜೆ ಹಿಂದಿಟ್ಟು ಗೆರೆ ದಾಟಿದೆ: ನೆಲ ತಣ್ಣಗೆ. ಕೈ ಚಾಚಿದೆ. ಗೆರೆಯ ನೇರಕ್ಕೆ ಬಂದಾಗ ಯಾರೋ ಉಸಿರು ಬಿಟ್ಟಂತೆ ಅಂಗೈಗೆ ಬಿಸಿ ತಗುಲಿತು. ಕೈ ತಾನಾಗಿ ಹಿಂದೆ ಬಂತು, ಅವರ ಕೈ ಬರುತ್ತಿದ್ದ ಹಾಗೆಯೇ.

ಕೆಳಗಿನ ಅಂಗಡಿಯಲ್ಲಿ ಯಾರೋ ಕಬ್ಬಿಣ ಬಡಿಯುತ್ತಿದ್ದರು. ನಾನು ಟೇಪು ತಂದು ಹೊರಗಿನಿಂದಲೇ ಚಾಚಿ ಅಳೆದೆ. ಗೋಡೆಯಿಂದ ಗೆರೆಗೆ ಸರಿಯಾಗಿ ಒಂದು ಮೀಟರ್. ಕರೆಂಟ್ ಬಂದ ಮೇಲೆ ಕಂಪನಿಯ ಹಾಳೆ ತೆರೆದೆ: ಒಂದು ಮೀಟರ್. ನನ್ನ ಮಾಡೆಲ್ ತೆರೆದೆ. ಅರವತ್ತು ಸೆಂಟಿಮೀಟರ್. ಉಳಿದ ನಲವತ್ತು ಸೆಂಟಿಮೀಟರಿನಲ್ಲಿ ವಿನ್ಯಾಸಕಾರ ಹಾಸಿಗೆ ಇಡಬಹುದು, ಕಂಪ್ಯೂಟರ್ ಎಚ್ಚರಿಸುವುದಿಲ್ಲ. ಆ ಹಾಸಿಗೆಯಲ್ಲಿ ಮಲಗುವವರು ತಾವಾಗಿ ಮಗ್ಗುಲು ಬದಲಿಸಲಾಗದ ವಯಸ್ಸಿನವರು.

ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಆ ಒಂದು ಕೆನ್ನೆ ಬಿಸಿಯಾಗಿಯೇ ಇತ್ತು. ಅವ್ವ ಮುಖ ನೋಡಿ, ಜ್ವರ ಬಂದಿದೆಯೇನು ಎಂದಳು. ಇಲ್ಲ ಎಂದೆ. ಚಾಚಾ ನನ್ನ ಸುಳ್ಳನ್ನು ಯಾರಿಗೂ ಹೇಳದೆ, ನನ್ನೆದುರೂ ಎತ್ತಿ ಆಡದೆ, ನೆಲದ ಮೇಲೆ ಬರೆದಿಟ್ಟು ಹೋಗಿದ್ದರು. ನಾನು ಎಂದಾದರೊಂದು ದಿನ ಅಳೆಯುತ್ತೇನೆ ಎಂದು ನಂಬಿದ್ದರೋ ಏನೋ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿ, ಯಾರೂ ಬರುವ ಮೊದಲು ಕಂಪನಿಗೂ ಮಾಲೀಕರಿಗೂ ಪತ್ರ ಬರೆದೆ. ಆ ಮಾಡೆಲನ್ನು ಬಳಸಬೇಡಿ, ಪೆಟ್ಟಿಗೆ ಚಿಕ್ಕದಾಗಿದೆ, ತಪ್ಪು ನನ್ನದು. ಅಳತೆ ಮಾಡಿರಲಿಲ್ಲ, ಮಾಡಿದ್ದೇನೆಂದು ಹೇಳಿದ್ದೆ. ಕಳಿಸಿದ ಮೇಲೆ, ಬಕೆಟು ಹಿಡಿದು ಬಂದ ಅಕ್ಕನ ಕೈಯಿಂದ ಬಟ್ಟೆ ಇಸಿದುಕೊಂಡು ಚೌಕವನ್ನು ನಾನೇ ಒರೆಸಿದೆ. ಗೆರೆ ಒಂದೇ ಸಲಕ್ಕೆ ಹೋಯಿತು. ನೆಲ ತಣ್ಣಗಿತ್ತು. ಒಳಗಿನ ನೀರು ಆರಲು ಬಹಳ ಹೊತ್ತು ಹಿಡಿಯಿತು. ಆರುವವರೆಗೂ ನಾನು ಅವರ ಕುರ್ಚಿಯ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದೆ.