ಬ್ಯಾಗು ಬಿಟ್ಟು ಹೋದ ಮನೆ

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ನಿಟ್ಟೂರು ಕಡೆಯ ಹಳ್ಳಿಗಳಿಗೆ ನರ್ಸಮ್ಮ. ಸರ್ಕಾರ ಕೊಟ್ಟ ಕಪ್ಪು ಬ್ಯಾಗು ಹೆಗಲಿಗೇರಿಸಿ ಊರಿಗೆ ಕಾಲಿಟ್ಟರೆ ಸಾಕು, ಹೆಂಗಸರೆಲ್ಲ ಹಿತ್ತಿಲ ಬಾಗಿಲಿಂದ ಮಾಯ. ಅವರ ಪಾಲಿಗೆ ಆ ಬ್ಯಾಗೆಂದರೆ ಮಕ್ಕಳಾಗದ ಆಪರೇಷನ್. ಹೆರಿಗೆಗೆ ನಾನೇ ಬೇಕು, ಹೆರಿಗೆ ಮುಗಿದ ಮೇಲೆ ನನ್ನ ನೆರಳೂ ಬೇಡ. ನನಗೋ ಕೋಪ ಮೂಗಿನ ತುದಿಯಲ್ಲೇ. ಬಿಸಿಲಲ್ಲಿ ನಾಲ್ಕು ಮೈಲಿ ನಡೆದು ಬಂದವಳಿಗೆ ಖಾಲಿ ಜಗಲಿ ಕಂಡರೆ ಹೇಗಾಗಬೇಡ?

ಒಂದು ಮನೆಯಲ್ಲಿ ಮಗಳು ಚೊಚ್ಚಲ ಬಾಣಂತನಕ್ಕೆ ಬಂದಿದ್ದಳು. ಹೆರಿಗೆ ಮಾಡಿಸಿದವಳೂ ನಾನೇ. ಎರಡನೇ ತಿಂಗಳು ಹೋದಾಗ ಅವಳ ತಾಯಿ ಬಾಗಿಲಿಗೆ ಅಡ್ಡ ನಿಂತು, ಮಗಳು ಅಮೃತೂರಿಗೆ, ಗಂಡನ ಮನೆಗೆ ಹೋದಳು ಅಂದರು. ಅಷ್ಟು ಬೇಗ ಬಾಣಂತಿಯನ್ನು ಯಾರು ಕಳಿಸುತ್ತಾರೆ? ಅಷ್ಟರಲ್ಲಿ ಒಳಗೆ ಮಗು ಅತ್ತಿತು. ಒಂದೇ ಹೆತ್ತವಳಿಗೆ ಯಾರಮ್ಮ ಆಪರೇಷನ್ ಮಾಡುತ್ತಾರೆ ಎಂದು ರೇಗುತ್ತಾ ಒಳಗೆ ನುಗ್ಗಿಯೇಬಿಟ್ಟೆ.

ರಾಗಿ ಮೂಟೆಗಳ ಹಿಂದೆ, ಕಿವಿಗೆ ಹತ್ತಿ ಇಟ್ಟು ತಲೆಗೆ ಬಟ್ಟೆ ಕಟ್ಟಿಕೊಂಡು, ಹುಡುಗಿ ಗೋಡೆ ನೋಡುತ್ತಾ ಕೂತಿದ್ದಳು. ಪಕ್ಕದಲ್ಲೇ ಮಗು ಕಿರುಚುತ್ತಿದ್ದರೂ ತಿರುಗಲಿಲ್ಲ. ಆಗ ತಾಯಿ ಸೆರಗು ಬಾಯಿಗಿಟ್ಟುಕೊಂಡು ಅತ್ತುಬಿಟ್ಟರು. ಇಪ್ಪತ್ತು ದಿನದಿಂದ ಮಗಳು ಮಗುವನ್ನು ತಾನಾಗಿ ಎತ್ತಿಕೊಂಡಿಲ್ಲ, ನಿದ್ದೆಯಿಲ್ಲ, ಮಾತಿಲ್ಲ. ತಲೆ ಕೆಟ್ಟಿದೆ ಅಂತ ಅಮೃತೂರಿಗೆ ಸುದ್ದಿ ಹೋದರೆ ಅಳಿಯ ಬಿಟ್ಟೇಬಿಡುತ್ತಾನೆ. ಅದಕ್ಕೇ ಆಪರೇಷನ್ ಭಯದ ನೆಪ ಹೇಳಿ ಮಗಳನ್ನು ಊರಿನ ಕಣ್ಣಿಂದಲೇ ಮರೆಮಾಡಿದ್ದರು. ಕೇರಿಯವರೂ ಪಾಪ, ಅದನ್ನು ನಂಬಿ ನನ್ನನ್ನೇ ಬೈದುಕೊಂಡಿದ್ದರು.

ಬಾಣಂತಿಯರ ಮನಸ್ಸಿಗೆ ಇಂಥ ಕಾಯಿಲೆ ಬರಬಹುದು ಎಂದು ತುಮಕೂರಿನ ತರಬೇತಿಯಲ್ಲಿ ಡಾಕ್ಟರೊಬ್ಬರು ಹೇಳಿದ್ದರು. ಮೊದಲು ಕೇಳಿಸಿಕೊಳ್ಳಿ, ಬುದ್ಧಿ ಹೇಳಬೇಡಿ ಅಂತಲೂ ಹೇಳಿದ್ದರು. ನಾನು ಮಾಡಿದ್ದೇನು? ಮುತ್ತಿನಂಥ ಮಗು, ಏನು ಕಮ್ಮಿಯಾಗಿದೆ ನಿನಗೆ, ಅವಳಿ ಹೆತ್ತವರು ಬದುಕುತ್ತಿಲ್ಲವಾ ಅಂತ ಕಾಲು ಗಂಟೆ ಭಾಷಣ. ಹುಡುಗಿ ಹಣೆಯನ್ನು ಗೋಡೆಗೆ ಒತ್ತಿಕೊಂಡಳು. ದಾರಿಯುದ್ದಕ್ಕೂ ನನ್ನ ನಾಲಿಗೆಗೆ ನಾನೇ ಶಾಪ ಹಾಕಿಕೊಂಡು ಬಂದೆ.

ಮಾರನೇ ದಿನ ಬ್ಯಾಗನ್ನು ಮನೆಯಲ್ಲೇ ಬಿಟ್ಟು ಹೋದೆ. ಅವರೆಕಾಯಿಯ ಕಾಲ. ಅವರ ಮನೆಯಲ್ಲಿ ಹಿತಕಿದ ಬೇಳೆಗೆ ಕಾಳು ನೆನೆಹಾಕಿದ್ದರು. ನೆನೆದ ಕಾಳನ್ನು ಎರಡು ಬೆರಳಲ್ಲಿ ಒತ್ತಿ ಸಿಪ್ಪೆಯಿಂದ ಜಾರಿಸುವ ಕೆಲಸ. ಗಂಟೆಗಟ್ಟಲೆ ಹಿಡಿಯುತ್ತದೆ, ಯಾರೂ ಯಾರ ಮುಖವನ್ನೂ ನೋಡಬೇಕಿಲ್ಲ. ಪಾತ್ರೆಯನ್ನು ಹುಡುಗಿಯ ಮುಂದಿಟ್ಟೆ. ಬಾಣಂತಿ ತಣ್ಣೀರು ಮುಟ್ಟಬಾರದು ಅಂತ ತಾಯಿ ತಕರಾರು ತೆಗೆದರು, ಬಿಸಿನೀರು ಬೆರೆಸಿದೆ. ಅವರೆ ವಾಯು, ಅವಳು ತಿನ್ನುವ ಹಾಗಿಲ್ಲ ಅಂದರು. ತಿನ್ನುವುದು ಬೇಡ, ಹಿತಕಲಿ ಬಿಡಿ ಅಂದೆ. ಮೊದಲ ದಿನ ನಾನೊಬ್ಬಳೇ ಹಿತಕಿದೆ. ಎರಡನೇ ದಿನ ಅವಳ ಕೈ ಪಾತ್ರೆಗೆ ಬಂತು. ಬಾಯಿ ಮುಚ್ಚಿಕೊಂಡು ಕೂರುವುದು ನನ್ನಂಥವಳಿಗೆ ಎಂಥ ಶಿಕ್ಷೆ ಅಂತ ನನಗೇ ಗೊತ್ತು. ನಾಲ್ಕನೇ ದಿನ, ಕಾಳಿನಿಂದ ಕಣ್ಣೆತ್ತದೆ, ಅವಳು ಬಾಯಿಬಿಟ್ಟಳು.

"ಅಕ್ಕಾ, ಮಗೀನ ನೋಡಿದ್ರೆ ನಂಗೇನೂ ಅನ್ಸಲ್ಲ ಕಣಕ್ಕಾ. ಹಿತ್ಲಾಗಿರೋ ಬಾವಿ ಮಾತ್ರ ಕರೀತದೆ."

ನಾನು ಬೆರಳು ನಿಲ್ಲಿಸದೆ, ಎಷ್ಟು ದಿನದಿಂದ ಅಂತಷ್ಟೇ ಕೇಳಿದೆ. ಅವಳು ಹೇಳಿದಳು, ಅತ್ತಳು, ನಾನೂ ಅತ್ತೆ. ಇದು ಕಾಯಿಲೆ, ನಿನ್ನ ತಪ್ಪಲ್ಲ, ಔಷಧಿ ಇದೆ ಅಂದೆ. ಒಂದು ಗಳಿಗೆಯೂ ಅವಳನ್ನು ಒಂಟಿ ಬಿಡಬೇಡಿ ಎಂದು ತಾಯಿಗೆ ತಾಕೀತು ಮಾಡಿದೆ. ಗಂಡನಿಗೆ ತಿಳಿಸಲಾ ಅಂದಾಗ ಅವಳು ಹೂಂ ಎಂದು ತಲೆಯಾಡಿಸಿದಳು. ತಾಯಿ ಮಾತ್ರ ನನ್ನ ಕೈ ಹಿಡಿದು, ಮಗಳ ಬಾಳು ಹಾಳಾಗುತ್ತದೆ, ಬೇಡ ಅಂದರು. ನಾನು ಅಮೃತೂರಿಗೆ ಹೇಳಿಕಳಿಸಿದೆ.

ಮಾರನೇ ಬೆಳಿಗ್ಗೆಯೇ ಅವಳ ಗಂಡ ಬಂದ. ಅವಳ ತಾಯಿ ಬಾಗಿಲ ಮರೆ ಬಿಟ್ಟು ಈಚೆ ಬರಲಿಲ್ಲ. ಅವನು ಎಲ್ಲವನ್ನೂ ಕೇಳಿಸಿಕೊಂಡು ಮಗುವನ್ನು ಎತ್ತಿಕೊಂಡ.

"ಕಾಯ್ಲೆ ಬಂದ್ರೆ ಆಸ್ಪತ್ರೆಗ್ ಕರ್ಕೊಂಡೋಗ್ತಾರೆ ಅತ್ತೆ. ಮೂಟೆ ಹಿಂದೆ ಬಚ್ಚಿಡ್ತಾರಾ?"

ಅಂದೇ ಎಲ್ಲರೂ ರೈಲು ಹತ್ತಿ ತುಮಕೂರಿಗೆ ಹೋದೆವು. ಡಾಕ್ಟರು ಮಾತ್ರೆ ಬರೆದುಕೊಟ್ಟರು, ಅವಳ ಜೊತೆ ಬಹಳ ಹೊತ್ತು ಮಾತಾಡಿದರು. ಮಂತ್ರ ಹಾಕಿದ ಹಾಗೆ ಏನೂ ವಾಸಿಯಾಗಲಿಲ್ಲ. ನಡುವೆ ಒಂದು ವಾರ ಮಾತ್ರೆ ಉಗುಳಿದಳು, ಮತ್ತೆ ಗೋಡೆಗೆ ತಿರುಗಿದಳು. ಗಂಡ ವಾರಕ್ಕೆರಡು ಸಲ ಬಸ್ಸು ಹತ್ತಿ ಬರುತ್ತಿದ್ದ. ನಾನೂ ಬಿಡದೆ ಹೋಗಿ ಕೂರುತ್ತಿದ್ದೆ.

ಯುಗಾದಿ ಕಳೆದ ಮೇಲೆ ಒಂದು ಬುಧವಾರ, ನಾನು ಊರಿನ ಮಕ್ಕಳಿಗೆಲ್ಲ ಇಂಜೆಕ್ಷನ್ ಹಾಕುತ್ತಿದ್ದಲ್ಲಿಗೆ ಅವಳು ಮಗುವನ್ನು ತಾನೇ ಎತ್ತಿಕೊಂಡು ಬಂದಳು. ನಾನು ಎಂದಿನಂತೆ ಚುಚ್ಚಿದೆ. ಮಗು ಹೋ ಎಂದು ಕಿರುಚಿತು. ತಕ್ಷಣ ಅವಳು ನನ್ನ ಕೈಯನ್ನು ತಳ್ಳಿ ಮಗುವನ್ನು ಎದೆಗೆ ಅವಚಿಕೊಂಡಳು.

"ಮೆಲ್ಲುಗ್ ಚುಚ್ಚಕಾಗಲ್ವೇನಕ್ಕಾ ನಿಂಗೆ? ನನ್ ಮಗೀಗೆ ನೋಯಾಕಿಲ್ವಾ?"

ಸಾಲಿನಲ್ಲಿದ್ದ ಹೆಂಗಸರೆಲ್ಲ ನಾನು ತಿರುಗಿ ಬೈಯುತ್ತೇನೆಂದು ಕಾದು ನಿಂತರು. ನಾನು ಸಿರಿಂಜು ಕೆಳಗಿಟ್ಟೆ.

"ಇನ್ನೊಂದ್ ಸಲ ಬೈಯೇ," ಅಂದೆ.